ಶೂನ್ಯ ಸುಂಕಕ್ಕೆ ಉಗಮದ ಷರತ್ತು: ಭಾರತ–ಶ್ರೀಲಂಕಾ ವ್ಯಾಪಾರ ಸಂಬಂಧ

ಧನುಷ್ಕೋಟಿಯಿಂದ ಶ್ರೀಲಂಕಾದ ತಲೈಮನ್ನಾರಿಗೆ ಕಡಲಿನ ಅಂತರ ಸುಮಾರು ಮೂವತ್ತು ಕಿಲೋಮೀಟರು ಮಾತ್ರ. 1914ರಿಂದ ಮದರಾಸಿನ ರೈಲು ಧನುಷ್ಕೋಟಿಯ ಕಡಲ ಕಟ್ಟೆಯವರೆಗೂ ಬರುತ್ತಿತ್ತು. ಪ್ರಯಾಣಿಕರು ಅಲ್ಲಿಂದ ಉಗಿಹಡಗಿನಲ್ಲಿ ತಲೈಮನ್ನಾರಿಗೆ ದಾಟಿ, ಇನ್ನೊಂದು ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತವು ಧನುಷ್ಕೋಟಿಯನ್ನೇ ಅಳಿಸಿಹಾಕಿದ ಮೇಲೆ ಆ ಮಾರ್ಗ ಮತ್ತೆ ತೆರೆಯಲಿಲ್ಲ. ಮಂಗಳೂರಿನ ಹೆಂಚು ಸಿಲೋನಿನ ಮನೆಗಳ ಮಾಡಿಗೆ ಏರುತ್ತಿದ್ದ ಕಾಲವೂ ಒಂದಿತ್ತು. ಇಷ್ಟು ಸಮೀಪದ, ಇಷ್ಟು ಹಳೆಯ ನಂಟಿನ ನೆರೆರಾಷ್ಟ್ರದೊಡನೆ ಇಂದು ವ್ಯಾಪಾರ ನಡೆಸುವವರಿಗೆ ದೂರಕ್ಕಿಂತ ಮುಖ್ಯವಾಗಿರುವುದು ಒಂದು ಕಾಗದ. ಸರಕು ನಿಜವಾಗಿ ಎಲ್ಲಿ ಹುಟ್ಟಿತು ಎಂಬುದನ್ನು ಹೇಳುವ ಉಗಮ ಪ್ರಮಾಣಪತ್ರವೇ ಆ ಕಾಗದ.

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹಾಗೂ ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರು 1998ರ ಡಿಸೆಂಬರ್ 28ರಂದು ನವದೆಹಲಿಯಲ್ಲಿ ಸಹಿ ಹಾಕಿದರು. 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂದಿತು. ಗಾತ್ರದಲ್ಲಿ ಹೋಲಿಕೆಯೇ ಇಲ್ಲದ ಎರಡು ರಾಷ್ಟ್ರಗಳ ನಡುವಿನ ಒಪ್ಪಂದವಾದ್ದರಿಂದ ಹೊಣೆಯೂ ಸಮನಾಗಿ ಹಂಚಿಕೆಯಾಗಲಿಲ್ಲ. ಭಾರತವು ಮೂರು ವರ್ಷಗಳಲ್ಲಿ ಸುಂಕ ತೆಗೆಯಬೇಕು, ಶ್ರೀಲಂಕಾಗೆ ಎಂಟು ವರ್ಷಗಳ ಅವಕಾಶ ಎಂದು ನಿಗದಿಯಾಯಿತು. ರಿಯಾಯಿತಿ ಅನ್ವಯಿಸದ ಪದಾರ್ಥಗಳ ಋಣಾತ್ಮಕ ಪಟ್ಟಿಯಲ್ಲಿ ಆರಂಭದಲ್ಲಿ ಭಾರತವು 429 ಬಾಬುಗಳನ್ನು ಸೇರಿಸಿದರೆ ಶ್ರೀಲಂಕಾ 1,180 ಬಾಬುಗಳನ್ನು ಸೇರಿಸಿತು. ಚಹಾ ಮತ್ತು ಸಿದ್ಧ ಉಡುಪಿಗೆ ಭಾರತ ಪೂರ್ಣ ಬಾಗಿಲು ತೆರೆಯಲಿಲ್ಲ. ವರ್ಷಕ್ಕೆ 1.5 ಕೋಟಿ ಕಿಲೋ ಚಹಾ, 80 ಲಕ್ಷ ಉಡುಪು ಎಂಬ ಮಿತಿ ಹಾಕಿ, ಮೊದಮೊದಲು ಅವು ಗೊತ್ತುಪಡಿಸಿದ ಬಂದರುಗಳಿಂದಲೇ ಬರಬೇಕೆಂದು ಕಟ್ಟುಮಾಡಲಾಯಿತು.

ಉಗಮದ ಲೆಕ್ಕ

ಒಪ್ಪಂದದ ತಿರುಳು ಇರುವುದು ಸುಂಕದ ದರದಲ್ಲಿ ಅಲ್ಲ, ಉಗಮದ ನಿಯಮದಲ್ಲಿ. ರಫ್ತಾಗುವ ಪದಾರ್ಥದ ಎಫ್‌ಒಬಿ ಬೆಲೆಯಲ್ಲಿ ಕನಿಷ್ಠ ಶೇ. 35ರಷ್ಟು ಮೌಲ್ಯವು ರಫ್ತು ಮಾಡುವ ದೇಶದಲ್ಲಿಯೇ ಸೇರ್ಪಡೆಯಾಗಿರಬೇಕು. ಅಂದರೆ ನೂರು ರೂಪಾಯಿ ಬೆಲೆಯ ಸರಕಿನಲ್ಲಿ ಹೊರಗಿನಿಂದ ಬಂದ ಸಾಮಗ್ರಿಯ ಬೆಲೆ 65 ರೂಪಾಯಿಯನ್ನು ಮೀರಬಾರದು. ಎದುರು ಪಕ್ಷದ ದೇಶದ ಸಾಮಗ್ರಿಯನ್ನೇ ಬಳಸಿದ್ದಲ್ಲಿ ಸ್ವಂತ ಮೌಲ್ಯವರ್ಧನೆ ಶೇ. 25 ಇದ್ದರೂ ನಡೆಯುತ್ತದೆ, ಆದರೆ ಎರಡೂ ದೇಶಗಳದು ಕೂಡಿ ಶೇ. 35 ಆಗಬೇಕು. ಇದರ ಜೊತೆಗೆ ಹೊರಗಿನ ಕಚ್ಚಾ ಸಾಮಗ್ರಿಯ ನಾಲ್ಕು ಅಂಕಿಯ ಸುಂಕ ಶೀರ್ಷಿಕೆಗಿಂತ ಸಿದ್ಧ ಸರಕಿನ ಶೀರ್ಷಿಕೆ ಬೇರೆಯಾಗಿರಬೇಕು. ಮೂರನೆಯ ದೇಶದಿಂದ ತಂದ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಒತ್ತಿ ಅಡುಗೆ ಪಾತ್ರೆ ಮಾಡಿದರೆ ಶೀರ್ಷಿಕೆ 7219ರಿಂದ 7323ಕ್ಕೆ ಬದಲಾಗುತ್ತದೆ, ಆ ಷರತ್ತು ಪೂರೈಸಿದಂತಾಗುತ್ತದೆ. ಅದೇ ತಗಡನ್ನು ಅಳತೆಗೆ ಕತ್ತರಿಸಿ ಹೊಸ ಚೀಟಿ ಅಂಟಿಸಿದರೆ ಆಗುವುದಿಲ್ಲ. ಮೂಟೆ ಬದಲಿಸುವುದು, ಬರಿದೆ ಬೆರೆಸುವುದು, ಪ್ಯಾಕ್ ಮಾಡುವುದು ತಯಾರಿಕೆಯೆನಿಸುವುದಿಲ್ಲ.

ಈ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ವನಸ್ಪತಿಯ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಆ ವರ್ಷಗಳಲ್ಲಿ ಕಚ್ಚಾ ತಾಳೆ ಎಣ್ಣೆಯ ಮೇಲೆ ಭಾರತದ ಆಮದು ಸುಂಕ ಬಹಳ ಹೆಚ್ಚಾಗಿತ್ತು, ಶ್ರೀಲಂಕಾದಲ್ಲಿ ಕಡಿಮೆಯಿತ್ತು. ಒಪ್ಪಂದದ ಪ್ರಕಾರ ಶ್ರೀಲಂಕಾದ ವನಸ್ಪತಿಗೆ ಭಾರತದಲ್ಲಿ ಸುಂಕವೇ ಇರಲಿಲ್ಲ. ಈ ಅಂತರವನ್ನು ಗುರುತಿಸಿದ ಭಾರತೀಯ ಬಂಡವಾಳಗಾರರೇ ಅಲ್ಲಿಗೆ ಹೋಗಿ ಘಟಕ ಸ್ಥಾಪಿಸಿದರು. ಆಗ್ನೇಯ ಏಷ್ಯಾದ ತಾಳೆ ಎಣ್ಣೆ ಶ್ರೀಲಂಕಾದಲ್ಲಿ ಇಳಿದು, ವನಸ್ಪತಿಯಾಗಿ ಭಾರತಕ್ಕೆ ಬರತೊಡಗಿತು. ತಾಮ್ರದ ಕಥೆಯೂ ಇದೇ ಜಾಡಿನದು: ಗುಜರಿ ತಾಮ್ರವನ್ನು ಅಲ್ಲಿ ಕರಗಿಸಿ ಇಲ್ಲಿಗೆ ಕಳುಹಿಸಲಾಗುತ್ತಿತ್ತು, ತೋರಿಸಿದ ಮೌಲ್ಯವರ್ಧನೆ ನಿಜವೇ ಎಂದು ಭಾರತದ ಉತ್ಪಾದಕರು ತಕರಾರು ಎತ್ತಿದರು. ಶ್ರೀಲಂಕಾದಿಂದ ಭಾರತಕ್ಕೆ ಬರುವ ರಫ್ತು 1999ರಲ್ಲಿ ಸುಮಾರು 4.7 ಕೋಟಿ ಡಾಲರ್ ಇದ್ದುದು 2005ರಲ್ಲಿ 56 ಕೋಟಿ ಡಾಲರಿನಷ್ಟಾಯಿತು. ಅಂಕಿಗಳನ್ನು ನೋಡಿ ಉಭಯ ಸರ್ಕಾರಗಳೂ ಹಿಗ್ಗಿದ್ದುಂಟು. ಆದರೆ ಆ ಏರಿಕೆಯ ದೊಡ್ಡ ಪಾಲು ಈ ಎರಡೇ ಪದಾರ್ಥಗಳದ್ದಾಗಿತ್ತು.

ಭಾರತವು ವನಸ್ಪತಿಗೆ ವರ್ಷಕ್ಕೆ 2.5 ಲಕ್ಷ ಟನ್‌ಗಳ ಮಿತಿ ಹಾಕಿತು. 2008ರ ಏಪ್ರಿಲ್‌ನಲ್ಲಿ, ಬೆಲೆಯೇರಿಕೆಯ ಒತ್ತಡದಿಂದ, ಕಚ್ಚಾ ತಾಳೆ ಎಣ್ಣೆಯ ಸುಂಕವನ್ನೇ ಭಾರತ ಶೂನ್ಯಕ್ಕಿಳಿಸಿದಾಗ ಶ್ರೀಲಂಕಾದ ಘಟಕಗಳಿಗೆ ಆಧಾರವೇ ಇಲ್ಲದಂತಾಯಿತು. ಅಲ್ಲಿ ಹೂಡಿದ್ದ ಬಂಡವಾಳವಾಗಲಿ ಅಲ್ಲಿನ ಕಾರ್ಮಿಕರ ಕೆಲಸವಾಗಲಿ ಉಳಿಯಲಿಲ್ಲ. ಒಂದು ಅಧಿಸೂಚನೆಯಿಂದ ಹುಟ್ಟಿದ ಉದ್ದಿಮೆ ಇನ್ನೊಂದು ಅಧಿಸೂಚನೆಯಿಂದ ಮುಗಿಯಿತು.

ಕರಿಮೆಣಸು: ಮಲೆನಾಡಿನ ಅಳಲು

ಕರ್ನಾಟಕಕ್ಕೆ ಈ ಒಪ್ಪಂದ ನೇರವಾಗಿ ತಟ್ಟಿದ್ದು ಕರಿಮೆಣಸಿನ ಮೂಲಕ. ಇಲ್ಲಿ ಮೌಲ್ಯವರ್ಧನೆಯ ಪ್ರಶ್ನೆ ಬರುವುದಿಲ್ಲ. ಮೆಣಸು ಶ್ರೀಲಂಕಾದ ಬಳ್ಳಿಯಲ್ಲೇ ಬೆಳೆದಿರಬೇಕು, ಅಷ್ಟೇ. ಮೆಣಸಿನ ಮೇಲೆ ಭಾರತದ ಸಾಮಾನ್ಯ ಸುಂಕ ಶೇ. 70. ಶ್ರೀಲಂಕಾದ ಮೆಣಸಿಗೆ ಮಾತ್ರ ವರ್ಷಕ್ಕೆ 2,500 ಟನ್‌ಗಳವರೆಗೆ ಸುಂಕವಿಲ್ಲ, ಅದಕ್ಕೂ ಮೀರಿದ್ದು ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ. 8ರ ಸುಂಕದಲ್ಲಿ ಬರಬಹುದಾಗಿತ್ತು. ವಿಯೆಟ್ನಾಂ ವಿಶ್ವದಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ, ಅದರ ಬೆಲೆಯೂ ಅಗ್ಗ. ಆ ಮೆಣಸು ಕೊಲಂಬೊದಲ್ಲಿ ಇಳಿದು ಶ್ರೀಲಂಕಾದ ಕಾಗದ ಹೊತ್ತು ಭಾರತಕ್ಕೆ ಬರುತ್ತಿದೆ ಎಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು 2017ರಲ್ಲಿ ದೊಡ್ಡ ದನಿಯಲ್ಲಿ ದೂರಿದರು. ಕಿಲೋಗೆ 700 ರೂಪಾಯಿಯ ಹತ್ತಿರವಿದ್ದ ಧಾರಣೆ ಅಷ್ಟರಲ್ಲಿ ಕುಸಿಯತೊಡಗಿತ್ತು. ಕುಸಿತಕ್ಕೆ ಇದೊಂದೇ ಕಾರಣವೆನ್ನುವಂತಿಲ್ಲ, ಜಾಗತಿಕ ಪೇಟೆಯಲ್ಲೂ ಮೆಣಸು ಹೇರಳವಾಗಿತ್ತು. ಆದರೂ ಕಾಫಿಯ ನಡುವೆ ಮೆಣಸಿನ ಬಳ್ಳಿಯನ್ನು ನೆಚ್ಚಿದ ಸಣ್ಣ ತೋಟದವನಿಗೆ ಈ ವಿವರಣೆಯಿಂದ ಸಮಾಧಾನವಾಗುವುದು ಕಷ್ಟ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. ಅಡಿಕೆಗೂ ಇಂಥದೇ ತಡೆ ಇದೆ. ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಬೆಲೆಯ ತಡೆಗೋಡೆ ಬೆಳೆಗಾರನಿಗೆ ಒಂದಿಷ್ಟು ಆಸರೆ ಕೊಟ್ಟಿತಾದರೂ, ಪ್ರಾಮಾಣಿಕವಾಗಿ ಶ್ರೀಲಂಕಾದ ಮೆಣಸನ್ನೇ ತರಿಸುತ್ತಿದ್ದ ವರ್ತಕನೂ ಅದೇ ಗೋಡೆಗೆ ಹಾಯಬೇಕಾಯಿತು.

ಇಂಥ ಅನುಭವಗಳ ಫಲವೇ 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ, ವ್ಯಾಪಾರ ಒಪ್ಪಂದಗಳಡಿಯ ಉಗಮ ನಿಯಮಗಳ ನಿರ್ವಹಣೆಗೆ ಸಂಬಂಧಿಸಿದ ಕಸ್ಟಮ್ಸ್ ನಿಯಮಾವಳಿ. ವರ್ತಕರ ಬಾಯಲ್ಲಿ ಅದು ‘ಕ್ಯಾರೊಟಾರ್’. ಇದಕ್ಕೆ ಮುಂಚೆ ರಫ್ತುದಾರ ದೇಶದ ಅಧಿಕಾರಿ ಕೊಟ್ಟ ಪ್ರಮಾಣಪತ್ರವನ್ನು ಒಪ್ಪಿಸಿದರೆ ಆಮದುದಾರನ ಹೊಣೆ ಬಹುಮಟ್ಟಿಗೆ ತೀರುತ್ತಿತ್ತು. ಈಗ ಹಾಗಿಲ್ಲ. ಸರಕು ಎಲ್ಲಿ, ಹೇಗೆ ತಯಾರಾಯಿತು, ಮೌಲ್ಯವರ್ಧನೆ ಎಷ್ಟು, ಯಾವ ಸಾಮಗ್ರಿ ಎಲ್ಲಿಂದ ಬಂತು ಎಂಬ ವಿವರಗಳನ್ನು ಆಮದುದಾರನೇ ನಮೂನೆ 1ರಲ್ಲಿ ಸಂಗ್ರಹಿಸಿ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದಿಂದ ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದಾಗ ಒದಗಿಸಬೇಕು. ಅನುಮಾನ ಬಂದಲ್ಲಿ ಎದುರು ದೇಶದಲ್ಲಿ ಪರಿಶೀಲನೆ ನಡೆಯುವವರೆಗೆ ರಿಯಾಯಿತಿ ನಿಲ್ಲುತ್ತದೆ. ಭದ್ರತೆ ಒದಗಿಸಿ ಸರಕು ಬಿಡಿಸಿಕೊಳ್ಳಬೇಕಾಗುತ್ತದೆ. ಸರಕು ಮಾರಾಟವಾಗಿ ಲಾಭಾಂಶ ಹಂಚಿಹೋದ ಎಷ್ಟೋ ಕಾಲದ ಮೇಲೆ ಸುಂಕದ ವ್ಯತ್ಯಾಸ, ಬಡ್ಡಿ, ದಂಡಗಳ ನೋಟಿಸು ಬರುವ ಸಂಭವವಿರುವಾಗ, ‘ಕಾಗದವನ್ನು ಅವರೇ ಕೊಟ್ಟಿದ್ದಾರೆ’ ಎಂಬ ಸಮಜಾಯಿಷಿ ಸಾಲದು.

ರಫ್ತುದಾರನ ಕಡೆಯಿಂದ

ಭಾರತದಿಂದ ಹೋಗುವ ಸರಕಿನ ಚಿತ್ರ ಬೇರೆಯೇ. ಶ್ರೀಲಂಕಾದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಪ್ಪಂದದ ರಿಯಾಯಿತಿ ಪಡೆದು ಬರುತ್ತದೆ. ಭಾರತದ ರಫ್ತಿನಲ್ಲಿ ರಿಯಾಯಿತಿ ಬಳಸುವ ಪಾಲು ಅಲ್ಪ. ಬಹಳಷ್ಟು ಪದಾರ್ಥಗಳು ಶ್ರೀಲಂಕಾದ ಋಣಾತ್ಮಕ ಪಟ್ಟಿಯಲ್ಲಿವೆ, ಇಲ್ಲವೇ ಅವುಗಳಿಗೆ ಅಲ್ಲಿ ಸಾಮಾನ್ಯ ಸುಂಕವೇ ಶೂನ್ಯ. ಇನ್ನು ಕಸ್ಟಮ್ಸ್ ಸುಂಕ ಶೂನ್ಯವಾದರೂ ಸೆಸ್, ಬಂದರು ಮತ್ತು ವಿಮಾನ ನಿಲ್ದಾಣ ಲೆವಿ ಎಂಬ ಹೆಸರಿನ ತೆರಿಗೆಗಳು ಬೇರೆ ಇವೆ. ಕೊಲಂಬೊದ ಖರೀದಿದಾರನಿಗೆ ಬೆಲೆ ಹೇಳುವ ಮುನ್ನ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದಲ್ಲಿ ಈ ಒಪ್ಪಂದದ ಪ್ರಮಾಣಪತ್ರವನ್ನು ರಫ್ತು ತಪಾಸಣಾ ಮಂಡಳಿಯ ಏಜೆನ್ಸಿಗಳು ನೀಡುತ್ತವೆ.

ಕೊಲಂಬೊ ಕೇವಲ ಮಾರುಕಟ್ಟೆಯಲ್ಲ, ದಾರಿಯೂ ಹೌದು. ಭಾರತದ ಬಂದರುಗಳಿಂದ ಸಣ್ಣ ಫೀಡರ್ ಹಡಗುಗಳಲ್ಲಿ ಹೊರಡುವ ಕಂಟೇನರುಗಳು ಅಲ್ಲಿ ದೊಡ್ಡ ಹಡಗುಗಳಿಗೆ ವರ್ಗಾವಣೆಯಾಗುತ್ತವೆ. ಆ ಬಂದರಿನ ವರ್ಗಾವಣೆ ವಹಿವಾಟಿನ ಬಹುಪಾಲು ಭಾರತೀಯ ಸರಕಿನದು.

2022ರಲ್ಲಿ ರಫ್ತುದಾರರ ಮುಂದೆ ನಿಂತದ್ದು ಸುಂಕದ ಪ್ರಶ್ನೆಯಲ್ಲ, ಹಣ ಬರುವುದೇ ಇಲ್ಲವೇ ಎಂಬ ಪ್ರಶ್ನೆ. ಆ ವರ್ಷದ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿತು. ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ಕೆಲವೇ ತಿಂಗಳಲ್ಲಿ 360ರ ಮಟ್ಟಕ್ಕೆ ಕುಸಿಯಿತು. ಭಾರತವು ಆ ವರ್ಷ ಸುಮಾರು 400 ಕೋಟಿ ಡಾಲರುಗಳ ನೆರವು ನೀಡಿತು. ಆಹಾರ, ಔಷಧಗಳಿಗೆ 100 ಕೋಟಿ, ಇಂಧನಕ್ಕೆ 50 ಕೋಟಿ ಡಾಲರ್ ಸಾಲ ಅದರಲ್ಲಿ ಸೇರಿದ್ದವು. ಇದರ ಬಲದಿಂದಲೇ ಹಲವು ಭಾರತೀಯ ಸರಬರಾಜುದಾರರಿಗೆ ಹಣ ದೊರೆಯಿತು. ಏಷ್ಯನ್ ಕ್ಲಿಯರಿಂಗ್ ಯೂನಿಯನ್ ವ್ಯವಸ್ಥೆಯ ಹೊರಗೂ ಶ್ರೀಲಂಕಾದೊಡನೆ ಲೆಕ್ಕ ಚುಕ್ತಾ ಮಾಡಲು ರಿಸರ್ವ್ ಬ್ಯಾಂಕು 2022ರ ಜುಲೈನಲ್ಲಿ ಅನುಮತಿಸಿತು. ಅದೇ ತಿಂಗಳು ರೂಪಾಯಿಯಲ್ಲೇ ವಿದೇಶ ವ್ಯಾಪಾರ ಚುಕ್ತಾ ಮಾಡುವ ಯೋಜನೆಯನ್ನೂ ಪ್ರಕಟಿಸಿತು. 2020ರಿಂದ ಶ್ರೀಲಂಕಾದಲ್ಲಿ ಜಾರಿಯಲ್ಲಿದ್ದ ವಾಹನ ಆಮದು ನಿರ್ಬಂಧ ಖಾಸಗಿ ವಾಹನಗಳಿಗೆ ಸಡಿಲಗೊಂಡದ್ದು 2025ರ ಫೆಬ್ರುವರಿಯಲ್ಲಿ. ಅಷ್ಟು ಕಾಲ ಆ ಪೇಟೆಯನ್ನು ನೆಚ್ಚಿದವರು ಕಾದು ಕುಳಿತಿರಬೇಕಾಯಿತು.

ಜನರ ನಂಟು, ರಾಜಕೀಯದ ಗಂಟು

ಎರಡು ದೇಶಗಳ ಸಂಬಂಧದಲ್ಲಿ ವ್ಯಾಪಾರವು ಎಂದೂ ಒಂಟಿಯಾಗಿ ನಡೆದಿಲ್ಲ. 1964ರ ಅಕ್ಟೋಬರ್‌ನ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ 5,25,000 ತಮಿಳರನ್ನು ಭಾರತ ಸ್ವೀಕರಿಸಬೇಕಾಯಿತು. ಹಾಗೆ ಬಂದವರಲ್ಲಿ ಕೆಲವರು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಂಡರು. ಕಣಿವೆಯ ಚಹಾ ಬಿಟ್ಟು ಬಂದ ಕೈಗಳು ಇಲ್ಲಿ ರಬ್ಬರಿನ ಹಾಲು ಇಳಿಸಿದವು. 1974ರಲ್ಲಿ ಕಚ್ಚತೀವು ದ್ವೀಪವನ್ನು ಶ್ರೀಲಂಕಾಗೆ ಬಿಟ್ಟುಕೊಟ್ಟ ಗಡಿ ಒಪ್ಪಂದದ ಕಾವು ತಮಿಳುನಾಡಿನ ಮೀನುಗಾರರಲ್ಲಿ ಇನ್ನೂ ಆರಿಲ್ಲ. 1987ರಲ್ಲಿ ಹೋದ ಭಾರತೀಯ ಶಾಂತಿಪಾಲನಾ ಪಡೆ 1990ರಲ್ಲಿ ಹಿಂದಿರುಗಿತು, ಅಂತರ್ಯುದ್ಧ 2009ರವರೆಗೂ ನಡೆಯಿತು.

ಈ ಹಿನ್ನೆಲೆಯಿಂದಾಗಿಯೇ ವಿಸ್ತೃತ ಒಪ್ಪಂದದ ಮಾತು ಮತ್ತೆ ಮತ್ತೆ ನಿಲ್ಲುತ್ತದೆ. ಸೇವೆ ಮತ್ತು ಬಂಡವಾಳವನ್ನೂ ಒಳಗೊಳ್ಳುವ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು 2008ರ ಹೊತ್ತಿಗೆ ಸಹಿಗೆ ಸಿದ್ಧವಾಗಿತ್ತು. ಭಾರತದ ವೃತ್ತಿಪರರು ಮತ್ತು ದೊಡ್ಡ ಉದ್ದಿಮೆಗಳು ತಮ್ಮನ್ನು ಮುಳುಗಿಸಿಯಾವು ಎಂದು ಶ್ರೀಲಂಕಾದ ಉದ್ಯಮಿಗಳು ವಿರೋಧಿಸಿದ್ದರಿಂದ ಸಹಿ ಬೀಳಲಿಲ್ಲ. 2016ರಲ್ಲಿ ಬೇರೆ ಹೆಸರಿನಲ್ಲಿ, ಆರ್ಥಿಕ ಮತ್ತು ತಾಂತ್ರಿಕ ಸಹಕಾರ ಒಪ್ಪಂದವೆಂದು, ಮಾತುಕತೆ ಆರಂಭವಾಯಿತು. 2018ರ ನಂತರ ನಿಂತು, 2023ರಲ್ಲಿ ಮುಂದುವರಿಯಿತು. 2024ರ ಜುಲೈನಲ್ಲಿ ಹದಿನಾಲ್ಕನೆಯ ಸುತ್ತು ಕೊಲಂಬೊದಲ್ಲಿ ನಡೆಯಿತು. ಈ ನಡುವೆ 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣ–ಕಾಂಕೇಸಂತುರೈ ನಡುವೆ ಪ್ರಯಾಣಿಕ ಹಡಗು ಹೊರಟಿತು, 2024ರ ಫೆಬ್ರುವರಿಯಲ್ಲಿ ಯುಪಿಐ ಪಾವತಿ ಶ್ರೀಲಂಕಾದಲ್ಲಿ ಆರಂಭವಾಯಿತು. ಅಧ್ಯಕ್ಷ ಅನುರ ಕುಮಾರ ದಿಸಾನಾಯಕೆ ಅವರು 2024ರ ಡಿಸೆಂಬರ್‌ನಲ್ಲಿ ನವದೆಹಲಿಗೆ ಭೇಟಿ ನೀಡಿದಾಗ ಹೊರಬಿದ್ದ ಜಂಟಿ ಹೇಳಿಕೆಯು ಈ ಮಾತುಕತೆಯನ್ನು ಮುಂದುವರಿಸುವುದಾಗಿಯೂ, ಎರಡೂ ದೇಶಗಳ ರೂಪಾಯಿಯಲ್ಲಿ ವ್ಯಾಪಾರ ಚುಕ್ತಾವನ್ನು ಹೆಚ್ಚಿಸುವುದಾಗಿಯೂ ಹೇಳಿತು.