ತಡೆಯಬೇಕೋ, ತಿದ್ದಬೇಕೋ?

ಪ್ರಶ್ನೆ: ವೆಬ್ ವಿಳಾಸದ ಪೂರ್ವಪದದಲ್ಲಿ ಓರೆಗೆರೆ (/) ತಪ್ಪಿದರೆ ಕೆಲವು ತಂತ್ರಾಂಶಗಳು ಸದ್ದಿಲ್ಲದೆ ತಿದ್ದಿಕೊಳ್ಳುತ್ತವೆ, ಕೆಲವು ಕೆಲಸವನ್ನೇ ನಿಲ್ಲಿಸುತ್ತವೆ. ಯಾವುದು ಸರಿ?
– ಓದುಗರೊಬ್ಬರು, ಅವರ್ಸಾ

ಉತ್ತರ: ನಿಮ್ಮೂರಿನ ಹೆಸರಿನಿಂದಲೇ ಶುರು ಮಾಡೋಣ. ಅಂಕೋಲಾ ತಾಲ್ಲೂಕಿನ ಅವರ್ಸಾವನ್ನು ಇಂಗ್ಲಿಷಿನಲ್ಲಿ ಕೆಲವರು ‘ಎ-ವಿ-ಎ’ ಎಂದೂ ಕೆಲವರು ‘ಎ-ವಿ-ಇ’ ಎಂದೂ ಶುರುಮಾಡಿ ಬರೆಯುತ್ತಾರೆ. ಊರು ಬಲ್ಲ ಅಂಚೆಯಣ್ಣನಿಗೆ ಎರಡೂ ಒಂದೇ. ಯಂತ್ರಕ್ಕೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಎರಡನೆಯ ಕಾಗುಣಿತದ ಊರು ಇಟಲಿಯ ನೇಪಲ್ಸ್ ಬಳಿಯೂ ಇದೆ. ಊಹಿಸಿ ತಿದ್ದಿದರೆ ಪತ್ರ ಕಡಲಾಚೆ ಹೋದೀತು.

ವೆಬ್‌ನಲ್ಲೂ ಹೀಗೆಯೇ. ‘/ಅಂಕೋಲಾ’ ಎಂಬ ಪೂರ್ವಪದಕ್ಕೆ ‘/ಅವರ್ಸಾ’ ಸೇರಿದರೆ ‘/ಅಂಕೋಲಾ/ಅವರ್ಸಾ’. ಪೂರ್ವಪದದ ಕೊನೆಗೂ ಗೆರೆ ಎಳೆದಿದ್ದರೆ ನಡುವೆ ಎರಡು ಗೆರೆ ಬಂದು ಅದು ಬೇರೆಯೇ ವಿಳಾಸವಾಗುತ್ತದೆ. ಅದಕ್ಕೇ ವೆಬ್ ತಂತ್ರಾಂಶ ಬರೆಯಲು ಬಳಸುವ ಫಾಸ್ಟ್‌ಎಪಿಐ ಚೌಕಟ್ಟಿನಲ್ಲಿ ಪೂರ್ವಪದ ಗೆರೆಯಿಂದ ಶುರುವಾಗಬೇಕು, ಗೆರೆಯಿಂದ ಮುಗಿಯಕೂಡದು. ತಪ್ಪಿದರೆ ತಂತ್ರಾಂಶ ಕಾರಣ ಹೇಳಿ ಅಲ್ಲೇ ನಿಲ್ಲುತ್ತದೆ. ಜಾಂಗೋ ಎಂಬ ಇನ್ನೊಂದು ಚೌಕಟ್ಟಿನ ದಾರಿ ಬೇರೆ: ಬಳಕೆದಾರರು ಕೊನೆಯ ಗೆರೆ ಮರೆತರೆ, ವಿಳಾಸ ಬದಲಾಗಿದೆ ಎಂಬ 301 ಸಂಕೇತ ಕೊಟ್ಟು ಸರಿಯಾದ ವಿಳಾಸಕ್ಕೆ ಕಳುಹಿಸುತ್ತದೆ. ಬ್ರೌಸರಿನ ಪಟ್ಟಿಯಲ್ಲಿ ವಿಳಾಸ ಬದಲಾದದ್ದು ಕಣ್ಣಿಗೆ ಕಾಣುತ್ತದೆ.

ಈ ಚರ್ಚೆ ಹಳೆಯದು. ದತ್ತಾಂಶ ಕೊಡುವಾಗ ಬಿಗಿಯಾಗಿರಿ, ಪಡೆಯುವಾಗ ಉದಾರವಾಗಿರಿ ಎಂಬುದು 1980ರಲ್ಲಿ ಅಂತರ್ಜಾಲ ತಜ್ಞ ಜಾನ್ ಪೋಸ್ಟೆಲ್ ಬರೆದಿಟ್ಟ ನೀತಿ. ಆದರೆ ಉದಾರತೆಯ ಮರೆಯಲ್ಲಿ ತಪ್ಪುಗಳು ಬೇರುಬಿಡುತ್ತವೆ ಎಂದು ಅಂತರ್ಜಾಲದ ನಿಯಮಗಳ ಕುರಿತ 2023ರ ದಾಖಲೆ ಆರ್‌ಎಫ್‌ಸಿ 9413 ಎಚ್ಚರಿಸಿತು.

ನನ್ನ ಅಭಿಪ್ರಾಯ ಇಷ್ಟೇ: ತಂತ್ರಾಂಶ ಬರೆಯುವವರ ತಪ್ಪನ್ನು ಶುರುವಿನಲ್ಲೇ ತಡೆಯಬೇಕು. ಬಳಸುವವರ ಕೈತಪ್ಪನ್ನು ತಿದ್ದಬಹುದು, ಆದರೆ ಅವರಿಗೆ ಕಾಣುವಂತೆ ತಿದ್ದಬೇಕು.