ನೀಲಿ ಚುಕ್ಕೆಗೆ ಸಿಗದ ಮನೆ

ಫೋನಿನ ಪ್ರಕಾರ ಆ ಹುಡುಗ ನಮ್ಮಿಂದ ಇಪ್ಪತ್ತು ಮೀಟರ್ ದೂರದಲ್ಲಿದ್ದ. ಹತ್ತು ನಿಮಿಷದಿಂದಲೂ ಅಷ್ಟೇ ದೂರದಲ್ಲಿದ್ದ.

ಕಾಶಿಯ ಬಂಗಾಲಿ ಟೋಲಾದಲ್ಲಿ ಒಂದು ಹಳೆಯ ಮನೆಯ ಎರಡನೇ ಮಹಡಿಯಲ್ಲಿ ನಾವು ಇಳಿದುಕೊಂಡಿದ್ದೆವು. ಘಾಟಿನ ಮೆಟ್ಟಿಲು ಹತ್ತಿಳಿದು ಅವ್ವನ ಮೊಣಕಾಲು ಬಾತಿತ್ತು. ಮೊಣಕಾಲಿಗೆ ಹಾಕುವ ಪಟ್ಟಿಯೊಂದನ್ನು ಫೋನಿನಲ್ಲೇ ತರಿಸಿದ್ದೆ. ನಕ್ಷೆಯಲ್ಲಿ ಅದನ್ನು ತರುವ ಹುಡುಗನ ಪುಟ್ಟ ಬೈಕಿನ ಚಿತ್ರ ನಮ್ಮ ಮನೆಯ ಪಕ್ಕಕ್ಕೆ ಬಂದು ನಿಂತಿತು, ಅಲುಗಿತು, ಮತ್ತೆ ನಿಂತಿತು. ಅಷ್ಟರಲ್ಲಿ ಕರೆ ಬಂತು. "ಭಯ್ಯಾ, ನಾನು ನಿಮ್ಮ ಮನೆಯೊಳಗೇ ಇದ್ದೀನಿ ಅಂತ ತೋರಿಸ್ತಿದೆ. ಎದುರಿಗೆ ನೋಡಿದ್ರೆ ಬರೀ ಗೋಡೆ," ಎಂದ. "ಪಾಪ, ಎಷ್ಟೊತ್ತಿನಿಂದ ತಿರಗಾಕತ್ತಾನೋ, ನೀನ ಇಳದ ಹೋಗು," ಎಂದಳು ಅವ್ವ.

ಇಳಿದು ಹುಡುಕಿದಾಗ ಗೊತ್ತಾಯಿತು, ಅವನಿದ್ದದ್ದು ನಮ್ಮ ಮನೆಯ ಹಿಂಗೋಡೆಗೆ ತಾಗಿದ ಇನ್ನೊಂದು ಗಲ್ಲಿಯಲ್ಲಿ. ಹಕ್ಕಿಗೆ ಅದು ಇಪ್ಪತ್ತು ಮೀಟರ್. ಕಾಲಿಗಾದರೆ ಒಂದು ಹಾಲಿನಂಗಡಿ, ಒಂದು ಶಿವಲಿಂಗ, ಅಡ್ಡ ಮಲಗಿದ ಹೋರಿ, ಮೂರು ತಿರುವು ದಾಟಿ ಐದು ನಿಮಿಷದ ದಾರಿ. ಬೈಕನ್ನು ಸೋನಾರ್‌ಪುರಾ ಕಡೆಯ ದೊಡ್ಡ ರಸ್ತೆಯಲ್ಲೇ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ನನ್ನ ಮೇಲೆ ಸಿಟ್ಟಿರಲಿಲ್ಲ. ಕಣ್ಣು ಮಾತ್ರ ಪರದೆಯ ಮೇಲಿನ ಗಡಿಯಾರದಲ್ಲಿತ್ತು.

ಕನ್ನಡದ ಯಾತ್ರಿಕರಿಗೆ ಈ ಕೇರಿ ಹೊಸದಲ್ಲ. ವೀರಶೈವರ ಕಾಶಿ ಜ್ಞಾನಪೀಠವಾದ ಜಂಗಮವಾಡಿ ಮಠ ಇಲ್ಲೇ ಪಕ್ಕದಲ್ಲಿದೆ. ದಶಾಶ್ವಮೇಧದ ಕಡೆಯಿಂದ ದಕ್ಷಿಣಕ್ಕೆ, ಗಂಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಬಂಗಾಲಿ ಟೋಲಾದ ಮುಖ್ಯ ಗಲ್ಲಿಯಿಂದ ಎರಡೂ ಬದಿಗೆ ಕವಲುಗಳು ಒಡೆಯುತ್ತವೆ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ತಲೆ ಎತ್ತಿದರೆ ಆಕಾಶ ಸೀರೆಯ ಅಂಚಿನಷ್ಟು. ಆ ಹುಡುಗ ಸುತ್ತಾಡಿದ್ದಕ್ಕೆ ಕಾರಣವೂ ಆ ಅಂಚಿನಲ್ಲೇ ಇದೆ.

ಫೋನು ತಾನೆಲ್ಲಿದ್ದೇನೆ ಎಂದು ತಿಳಿಯುವುದು ಕಿವಿಯಿಂದ, ಕಣ್ಣಿನಿಂದಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಒಂದೇ ಸಮನೆ "ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು" ಎಂದು ಸಾರುತ್ತಿರುತ್ತವೆ. ನೆತ್ತಿಯ ಮೇಲಿನ ಉಪಗ್ರಹದ ಮಾತು ನಮ್ಮನ್ನು ತಲುಪಲು ಒಂದು ಸೆಕೆಂಡಿನ ಸಾವಿರದಲ್ಲಿ 67 ಪಾಲು ಸಮಯ ಬೇಕು. ಮಾತು ಎಷ್ಟು ತಡವಾಗಿ ಬಂತೋ ಉಪಗ್ರಹ ಅಷ್ಟು ದೂರ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಗೊತ್ತಾಗಬೇಕು, ಆದರೆ ಫೋನಿನ ಅಗ್ಗದ ಗಡಿಯಾರವನ್ನು ನಂಬುವ ಹಾಗಿಲ್ಲ. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ಎಡವಟ್ಟಾಗುತ್ತದೆ. ಆ ತಪ್ಪನ್ನು ತಿದ್ದಲು ನಾಲ್ಕನೇ ಉಪಗ್ರಹ ಬೇಕೇ ಬೇಕು.

ಬಂದು ತಲುಪುವ ಸದ್ದಾದರೂ ಎಷ್ಟು ಕ್ಷೀಣ! ಒಂದು ವ್ಯಾಟನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಮಾಡಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಬಯಲಿನಲ್ಲಿ ನಿಂತ ಫೋನು ಇಷ್ಟರಿಂದಲೇ ಸುಮಾರು 5 ಮೀಟರ್ ಒಳಗೆ ತನ್ನ ಜಾಗ ಹೇಳುತ್ತದೆಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗು.

ಗಲ್ಲಿಯಲ್ಲಿ ಲೆಕ್ಕ ಬೇರೆ. ಓಣಿ ಎರಡು ಮೀಟರ್ ಅಗಲ, ಅಕ್ಕಪಕ್ಕದ ಮನೆಗಳು ಹತ್ತು ಮೀಟರ್ ಎತ್ತರ ಎಂದುಕೊಳ್ಳಿ. ಎದೆಯ ಮಟ್ಟದಲ್ಲಿ ಹಿಡಿದ ಫೋನಿಗೆ ಅಡ್ಡಡ್ಡ ನೋಡಿದರೆ 180 ಡಿಗ್ರಿ ಆಕಾಶದಲ್ಲಿ ಕಾಣುವುದು ಬರೀ 13 ಡಿಗ್ರಿ. ಓಣಿಯ ಉದ್ದಕ್ಕೆ ಮಾತ್ರ ಆಕಾಶ ತೆರೆದಿರುತ್ತದೆ. ಹಾಗಾಗಿ ಓಣಿಯಲ್ಲಿ ಎಷ್ಟು ದೂರ ಬಂದೆ ಎಂಬುದನ್ನು ಫೋನು ಒಂದು ಮಟ್ಟಿಗೆ ಹೇಳೀತು, ಎಡಕ್ಕಿದ್ದೇನೋ ಬಲಕ್ಕಿದ್ದೇನೋ ಎಂಬುದನ್ನು ಹೇಳಲಾರದು. ನಕ್ಷೆಯಲ್ಲಿ ನಮ್ಮ ಜಾಗ ತೋರಿಸುವ ನೀಲಿ ಚುಕ್ಕೆ ಅಡ್ಡಡ್ಡ ಜಾರಿ ಯಾರದೋ ಅಡುಗೆಮನೆಗೆ ನುಗ್ಗುವುದು, ಪಕ್ಕದ ಗಲ್ಲಿಗೆ ಹಾರುವುದು ಇದರಿಂದಲೇ. ಇದರ ಮೇಲೆ ಪ್ರತಿಧ್ವನಿಯ ಕಾಟ. ನೇರವಾಗಿ ಕಾಣದ ಉಪಗ್ರಹದ ಅಲೆ ಗೋಡೆಯಿಂದ ಗೋಡೆಗೆ ಹಲವು ಸಲ ಬಡಿದು ಬಂದರೆ 10–15 ಮೀಟರ್ ಹೆಚ್ಚಿಗೆ ನಡೆದು ಬಂದಿರಬಹುದು. ಅಷ್ಟಕ್ಕೆ ಹಿಡಿಯುವುದು ಸೆಕೆಂಡಿನ ನೂರು ಕೋಟಿಯಲ್ಲಿ 30–50 ಪಾಲು. ಬಾವಿಯಲ್ಲಿ ಕೂಗಿದವನ ದನಿ ಯಾವ ಕಡೆಯಿಂದ ಬಂತೆಂದು ಮೇಲಿದ್ದವರಿಗೆ ಹೊಳೆಯದ ಹಾಗೆ ಫೋನಿಗೂ ಆಗುತ್ತದೆ.

ಎಂಜಿನಿಯರುಗಳು ಇದಕ್ಕೆ ಸುಮ್ಮನೆ ಕೂತಿಲ್ಲ. 2018ರಿಂದ ಎರಡು ತರಂಗಾಂತರಗಳನ್ನು ಕೇಳಬಲ್ಲ ಫೋನುಗಳು ಬಂದವು. ಎರಡನೆಯ ಸಂಕೇತದ ಬಡಿತ ಮೊದಲಿನದಕ್ಕಿಂತ ಹತ್ತು ಪಟ್ಟು ಚುರುಕಾದ್ದರಿಂದ ಅಸಲು ದನಿಯನ್ನೂ ಪ್ರತಿಧ್ವನಿಯನ್ನೂ ಬೇರ್ಪಡಿಸುವುದು ಸುಲಭ. ಗೆಸ್ಟ್‌ಹೌಸುಗಳ ವೈಫೈ ಪೆಟ್ಟಿಗೆಗಳನ್ನು ಕೇಳಿಸಿಕೊಂಡು ಜಾಗ ಊಹಿಸುವ ಉಪಾಯವೂ ಇದೆ. ನನಗೆ ಎಲ್ಲಕ್ಕಿಂತ ಚೆಂದ ಕಂಡದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಲ್ ಗ್ರೋವ್ಸ್ 2011ರಲ್ಲಿ ಮುಂದಿಟ್ಟ ವಿಚಾರ. ಯಾವ ಉಪಗ್ರಹ ಕೇಳಿಸುತ್ತಿಲ್ಲ ಎಂಬುದೂ ಒಂದು ಸುದ್ದಿಯೇ ಎಂದರು ಅವರು. ಕಟ್ಟಡಗಳ ಎತ್ತರ ಮೊದಲೇ ಗೊತ್ತಿದ್ದರೆ, ಈ ಉಪಗ್ರಹ ಗೋಡೆಯ ಮರೆಗೆ ಬೀಳಬೇಕಾದರೆ ನಾನು ರಸ್ತೆಯ ಈ ಬದಿಗೇ ಇರಬೇಕು ಎಂದು ಫೋನು ತರ್ಕಿಸಬಹುದು. ನೆರಳನ್ನು ನೋಡಿ ನಿಂತ ಜಾಗ ಹೇಳಿದ ಹಾಗೆ. ಎಲ್ಲ ಉಪಗ್ರಹಗಳೂ ಮರೆಯಾಗುವಷ್ಟು ಇಕ್ಕಟ್ಟಿನ ಕವಲಿನಲ್ಲಿ ಅದಕ್ಕೂ ಕೈ ಕಟ್ಟಿದಂತೆಯೇ.

ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ಗೆ ಇಲ್ಲೊಂದು ಅನುಕೂಲವಿದೆ. ಅದರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭಾರತದ ಮೇಲೇ ಕಣ್ಣಿಟ್ಟಂತೆ ಇರುತ್ತವೆ. ಸಮಭಾಜಕದ ಮೇಲೆ ನಿಂತಲ್ಲೇ ನಿಂತಂತಿರುವ ಅದರ ಸ್ಥಾನಗಳಲ್ಲಿ ಒಂದು 83 ಡಿಗ್ರಿ ಪೂರ್ವ ರೇಖಾಂಶ. ಕಾಶಿ ಇರುವುದೂ ಬಹುತೇಕ ಅದೇ ರೇಖಾಂಶದಲ್ಲಿ! ಲೆಕ್ಕ ಹಾಕಿದರೆ ಆ ಸ್ಥಾನ ಇಲ್ಲಿಂದ ನೇರ ದಕ್ಷಿಣಕ್ಕೆ, ನೆಲದಿಂದ 60 ಡಿಗ್ರಿ ಎತ್ತರದಲ್ಲಿ ಬೀಳುತ್ತದೆ. ಉತ್ತರ-ದಕ್ಷಿಣವಾಗಿ ಸಾಗುವ ಓಣಿಯ ಆಕಾಶದ ಸೀಳಿನಲ್ಲಿ ಸರಿಯಾಗಿ ಕೂರುವ ಜಾಗ ಅದು. ಆದರೆ ಒಂದು ಉಪಗ್ರಹದಿಂದ ಕೆಲಸವಾಗದು, ನಾಲ್ಕು ಬೇಕು. ಅಲ್ಲೇ ತೊಡಕು. ಹಳೆಯ ಉಪಗ್ರಹಗಳಲ್ಲಿ ಹಲವು ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಿಲ್ಲ. ಈ ಸೋಲಿನ ಸುದ್ದಿ ಓದುವಾಗ ನನಗೆ ರಾಕೆಟ್ಟಿಗಿಂತ ಮೊದಲು ಗಲ್ಲಿಯಲ್ಲಿ ಬೆವರುತ್ತ ನಿಂತ ಆ ಹುಡುಗ ನೆನಪಾಗುತ್ತಾನೆ.

ಚುಕ್ಕೆ ಸರಿಯಾಗಿ ಕೂತರೂ ವಿಳಾಸದ ಗೋಜಲು ಉಳಿಯುತ್ತದೆ. ಈ ನಗರವನ್ನು ಅಳೆಯುವ ಪ್ರಯತ್ನ ಹಳೆಯದು. ಬನಾರಸಿನ ಟಂಕಸಾಲೆಗೆ 1820ರಲ್ಲಿ ಬಂದ ಜೇಮ್ಸ್ ಪ್ರಿನ್ಸೆಪ್ 1822ರಲ್ಲಿ ನಗರದ ನಕ್ಷೆ ಮಾಡಿದ. ಈ ಕೇರಿಯಲ್ಲಿ ಇಂದಿನ ಮನೆ ಸಂಖ್ಯೆ 'ಡಿ' ಅಕ್ಷರದಿಂದ ಶುರುವಾಗಿ, ಓರೆಗೆರೆಯ ಆಚೀಚೆ ಎರಡು ಅಂಕಿಯಾಗಿ ಬಾಗಿಲ ಮೇಲಿರುತ್ತದೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಪತ್ರವನ್ನು ಅಂಚೆಕಚೇರಿಯವರೆಗೆ ಒಯ್ಯುತ್ತದೆ. ಅಲ್ಲಿಂದ ಮುಂದಿನದು ಅಂಚೆಯಣ್ಣನ ತಲೆಯಲ್ಲಿತ್ತು.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ವಿಳಾಸ ಪದ್ಧತಿ ತಂದಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರ ಇದಕ್ಕೆ ಕೈಜೋಡಿಸಿವೆ. ದೇಶವನ್ನೆಲ್ಲ ಒಳಗೊಳ್ಳುವ ದೊಡ್ಡ ಚೌಕವನ್ನು 16 ಮಾಡು, ಅದರಲ್ಲೊಂದನ್ನು ಮತ್ತೆ 16 ಮಾಡು, ಹೀಗೆ ಹತ್ತು ಸಲ ಮಾಡಿದರೆ ಸುಮಾರು 4 ಮೀಟರ್ ಅಗಲದ ಚೌಕ ಉಳಿಯುತ್ತದೆ. ಹತ್ತು ಅಕ್ಷರದಲ್ಲಿ ದೇಶದ ಯಾವ ಮೂಲೆಯನ್ನೂ ಹೇಳಬಹುದು. ತೋಟದ ಮನೆಗಳಿಗೆ, ಹೆಸರಿಲ್ಲದ ಬಡಾವಣೆಗಳಿಗೆ ಇದು ದೊಡ್ಡ ವರ. ಬಂಗಾಲಿ ಟೋಲಾದಲ್ಲಿ ಮಾತ್ರ ಎರಡು ಮೀಟರ್ ಓಣಿಯ ಎದುರುಬದುರು ಬಾಗಿಲುಗಳು ಒಂದೇ ಚೌಕದಲ್ಲಿ ಬಿದ್ದಾವು. ಮೂರು ಮಹಡಿಯ ಮೂರು ಸಂಸಾರಕ್ಕೂ ಅದೇ ಡಿಜಿಪಿನ್. ಮನೆಯ ಬಾಗಿಲು ಯಾವ ಗಲ್ಲಿಗೆ ತೆರೆಯುತ್ತದೆ ಎಂಬುದು ಆ ಹತ್ತು ಅಕ್ಷರದಲ್ಲಿ ಇಲ್ಲ. ನಮ್ಮ ಹುಡುಗನಿಗೆ ಬೇಕಾಗಿದ್ದು ಅದೊಂದೇ.

ನಕ್ಷೆಯಲ್ಲಿ ಹತ್ತಿಪ್ಪತ್ತು ಮೀಟರ್ ತಪ್ಪು ಎಂದರೆ ಕಂಪ್ಯೂಟರಿನಲ್ಲಿ ಒಂದು ಅಂಕಿ. ಗಲ್ಲಿಗೆ ಬರುವಾಗ ಅದು ನಿಮಿಷಗಳಾಗುತ್ತದೆ, ಆ ನಿಮಿಷಗಳು ಯಾರದೋ ಕೂಲಿಯಿಂದ ಹೋಗುತ್ತವೆ. ಸರಕು ತಲುಪುವ ಸಮಯವನ್ನು ಯಂತ್ರ ಮೊದಲೇ ನಿಗದಿ ಮಾಡುವಾಗ ಹೋರಿ, ಮೆಟ್ಟಿಲು, ಎದುರು ಬರುವ ಶವಯಾತ್ರೆ, ಮುಚ್ಚಿದ ಬಾಗಿಲು ಲೆಕ್ಕಕ್ಕೆ ಬಂದಿವೆಯೋ ಇಲ್ಲವೋ ಓಡಾಡುವವನಿಗೆ ಕಾಣದು. ಅವನಿಗೆ ಕಾಣುವುದು ತಡವಾಯಿತು ಎಂಬ ಕೆಂಪು ಬರಹ ಒಂದೇ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ ಇಂಥ ಗಿಗ್ ಕೆಲಸಗಾರರು 77 ಲಕ್ಷ ಇದ್ದರು. 2029–30ಕ್ಕೆ 2.35 ಕೋಟಿ ಆಗಬಹುದು. ಇವರಲ್ಲಿ ಬಹಳ ಜನ ಯಜಮಾನನ ಮುಖವನ್ನೇ ಕಾಣದವರು, ನಕ್ಷೆಯೇ ಅವರ ಮೇಸ್ತ್ರಿ. ರಾಜಸ್ಥಾನ 2023ರಲ್ಲಿ ಇವರಿಗಾಗಿ ಕಾಯ್ದೆ ಮಾಡಿತು. ಕರ್ನಾಟಕ 2025ರಲ್ಲಿ ಮಾಡಿತು. ನಮ್ಮ ಕಾಯ್ದೆಯಲ್ಲಿ ಕಲ್ಯಾಣ ನಿಧಿಗೆ ಕಂಪನಿಗಳು ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರಷ್ಟು ಶುಲ್ಕ ಕಟ್ಟಬೇಕು ಎಂದಿದೆ. ಅದಕ್ಕಿಂತ ಮುಖ್ಯವಾಗಿ, ಕೆಲಸ ಹಂಚುವ, ಅಂಕ ಕೊಡುವ ಯಂತ್ರದ ಲೆಕ್ಕಾಚಾರ ತನ್ನ ಕೆಲಸವನ್ನು ಹೇಗೆ ತಟ್ಟುತ್ತದೆಂದು ತಿಳಿಯುವ ಹಕ್ಕನ್ನು ಅದು ಕೊಡುತ್ತದೆ. ಕಲ್ಯಾಣ ನಿಧಿಯಷ್ಟೇ ಆ ಸಾಲೂ ಬೆಲೆಯುಳ್ಳದ್ದು.

ಪೊಟ್ಟಣ ಕೈಗೆ ಬಂದ ಮೇಲೆ ಅವನನ್ನು ಚಹಾಕ್ಕೆ ಕರೆದೆ. ಮಣ್ಣಿನ ಕುಲ್ಹಡ್ ಹಿಡಿದು ಎರಡು ನಿಮಿಷ ನಿಂತ. ಈ ಕಡೆಗೆ ಹೊಸಬ, ಬಂದು ಇನ್ನೂ ಹದಿನೈದು ದಿನ ಎಂದ. ಹಳಬರಿಗೆ ಫೋನೇ ಬೇಡವಂತೆ. ಆ ಮಾತು ಉತ್ಪ್ರೇಕ್ಷೆಯಲ್ಲ. ಗ್ರೋವ್ಸ್ ಅವರ ಅದೇ ವಿಶ್ವವಿದ್ಯಾಲಯದ ಎಲೀನರ್ ಮಗ್ವಾಯರ್ 2000ದಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರ ಮೆದುಳನ್ನು ಪರೀಕ್ಷಿಸಿ, ದಾರಿಯ ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನ ಹಿಂಬದಿ ಅವರಲ್ಲಿ ದೊಡ್ಡದಾಗಿರುವುದನ್ನು ತೋರಿಸಿದ್ದರು. ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪಾಸಾಗಬೇಕಾದ ಪರೀಕ್ಷೆ ಅವರದು. 2011ರ ಇನ್ನೊಂದು ಅಧ್ಯಯನದಲ್ಲಿ, ಪಾಸಾದವರ ಮೆದುಳಿನ ಆ ಭಾಗ ಕಲಿಯುತ್ತ ಕಲಿಯುತ್ತ ಬೆಳೆದದ್ದೂ ಕಂಡಿತು. ನೀಲಿ ಚುಕ್ಕೆ ಸರಿಯಾಗಿ ನಡೆಸುವ ಊರಿನಲ್ಲಿ ದಾರಿ ಕಲಿಯುವ ಅಗತ್ಯ ಬೀಳುವುದಿಲ್ಲ. ಚುಕ್ಕೆ ಕೈಕೊಡುವ ಬಂಗಾಲಿ ಟೋಲಾದಲ್ಲಿ ಹುಡುಗರು ಕಲಿಯಲೇಬೇಕು. ಹಾಗೆ ಕಲಿತ ವಿದ್ಯೆಗೆ ಬಿಲ್ಲಿನಲ್ಲಿ ಜಾಗವಿಲ್ಲ ಅಷ್ಟೇ.

ವಿದ್ಯೆಯನ್ನು ಅವರು ತಮ್ಮೊಳಗೇ ಇಟ್ಟುಕೊಂಡೂ ಇಲ್ಲ. ಇವನ ಫೋನಿನಲ್ಲಿ ವಾಟ್ಸಾಪ್ ಗುಂಪೊಂದಿತ್ತು, ಈ ಸುತ್ತಿನ ಹುಡುಗರದ್ದು. ತುಂಬ ಗಲ್ಲಿಗಳ ಫೋಟೋ, ಬಾಗಿಲುಗಳ ಫೋಟೋ, ಎಲ್ಲಕ್ಕಿಂತ ಹೆಚ್ಚಾಗಿ ದನಿ ಸಂದೇಶಗಳು. ಕೈಯಲ್ಲಿ ಸಾಮಾನು ಇರುವವನಿಗೆ ಟೈಪ್ ಮಾಡಲಾಗದು, ಮಾತಾಡಬಹುದು. ಮನುಷ್ಯರ ಮಾತನ್ನು ಕುಗ್ಗಿಸುವ ವಿದ್ಯೆಯೂ ಈಗ ಬಹಳ ಮುಂದೆ ಹೋಗಿದೆ. ಸಿ.ಡಿ.ಯ ಹಾಡಿನಂತೆ ಹಾಗೆಹಾಗೇ ಇಟ್ಟರೆ ಲಕ್ಷಗಟ್ಟಲೆ ಬೈಟ್ ತಿನ್ನುವ ಹತ್ತು ಸೆಕೆಂಡಿನ ಮಾತು, 2012ರಲ್ಲಿ ಪ್ರಮಾಣಕವಾದ ಓಪಸ್ ಎಂಬ ವಿಧಾನದಲ್ಲಿ ಹತ್ತಾರು ಸಾವಿರ ಬೈಟಿಗೆ ಇಳಿಯುತ್ತದೆ. ಕಿವಿಗೆ ಬೇಡದ್ದನ್ನು ಬಿಟ್ಟು, ಮುಂದಿನ ಅಲೆಯನ್ನು ಹಿಂದಿನದರಿಂದ ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸುವ ಜಾಣತನ ಅದು. ಸಿಗ್ನಲ್ ಇಲ್ಲದಿದ್ದರೆ ಸಂದೇಶ ಕಾದು ಕೂರುತ್ತದೆ, ಇಷ್ಟು ಪುಟ್ಟದಾದ್ದರಿಂದ ಗಲ್ಲಿಯ ಬಾಯಿಗೆ ಬಂದ ಕೂಡಲೇ ಹೋಗಿಬಿಡುತ್ತದೆ. ಉಪಗ್ರಹಕ್ಕೆ ಕಾಣದ ಜಾಗದ ನಕ್ಷೆಯನ್ನು ಈ ಹುಡುಗರು ಹೀಗೆ ದನಿಯಲ್ಲಿ ಬರೆಯುತ್ತಿದ್ದಾರೆ.

ಕುಲ್ಹಡ್ ಕೆಳಗಿಟ್ಟು ಅವನು ನಮ್ಮ ಬಾಗಿಲನ್ನೊಮ್ಮೆ ನೋಡಿದ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮೈಕಿನ ಗುರುತು ಒತ್ತಿದ. "ಕೇಳ್ರೋ, ಪಾಂಡೆ ಹವೇಲಿ ಕಡೆಯಿಂದ ಬರಬೇಡಿ, ಅಲ್ಲಿಂದ ಬಂದ್ರೆ ಹಿಂದಿನ ಗೋಡೆ ಸಿಗುತ್ತೆ. ಹಾಲಿನಂಗಡಿ ಬಿಟ್ಟು ಎರಡನೇದು, ಎಡಕ್ಕೆ. ಹಸಿರು ಬಾಗಿಲು, ಮೇಲೆ ಗಣೇಶ. ಎರಡನೇ ಮಹಡಿ. ಮೆಟ್ಟಿಲ ಹತ್ರ ಕರಿ ನಾಯಿ ಇದೆ, ಏನೂ ಮಾಡಲ್ಲ. ಅಮ್ಮನಿಗೆ ಕಾಲು ನೋವು, ಕೆಳಗೆ ಕರೀಬೇಡಿ, ನೀವೇ ಹತ್ತಿ ಹೋಗಿ."