ಬದಲಾದುದನ್ನಷ್ಟೇ ತಿದ್ದುವ ಜಾಣತನ

ಹೊಸದುರ್ಗದ ಕಡೆ ಒಂದು ತೆಂಗಿನ ತೋಟವನ್ನು ಅಣ್ಣತಮ್ಮಂದಿರು ಹಂಚಿಕೊಂಡರೆನ್ನಿ. ಅದಕ್ಕಾಗಿ ಇಡೀ ಊರಿನ ಜಮೀನನ್ನು ಮತ್ತೆ ಅಳೆಯುವುದುಂಟೆ? ಇಲ್ಲ. ಆ ಒಂದು ಸರ್ವೆ ನಂಬರಿನ ದಾಖಲೆಯನ್ನಷ್ಟೇ ತಿದ್ದುತ್ತಾರೆ. ಹೊಳಲ್ಕೆರೆಯ ಅಡಿಕೆ ತೋಟವಾಗಲಿ, ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರದ ನೀರುಣ್ಣುವ ಜಮೀನಾಗಲಿ ತಮ್ಮ ಹಳೆಯ ಪಹಣಿಯಲ್ಲೇ ಇರುತ್ತವೆ. ಕಂದಾಯ ಇಲಾಖೆಯ ಈ ರೂಢಿಗೂ ಸಾಫ್ಟ್‌ವೇರ್ ತಯಾರಿಕೆಗೂ ಹತ್ತಿರದ ನಂಟಿದೆ.

ದೊಡ್ಡ ಸಾಫ್ಟ್‌ವೇರ್ ಒಂದರಲ್ಲಿ ಸಾವಿರಾರು ಕಡತಗಳಿರುತ್ತವೆ. ಅವನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಒಂದಕ್ಕೊಂದು ಜೋಡಿಸಿ, ತಪ್ಪಿದೆಯೇ ಎಂದು ಪರೀಕ್ಷಿಸಬೇಕು. ಒಂದು ಸಾಲು ತಿದ್ದಿದಾಗಲೆಲ್ಲ ಎಲ್ಲವನ್ನೂ ಮೊದಲಿನಿಂದ ಮಾಡಿದರೆ ಗಂಟೆಗಟ್ಟಲೆ ಕಾಯಬೇಕಾದೀತು. ಬದಲಾದುದನ್ನಷ್ಟೇ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ.

ಈ ಉಪಾಯವನ್ನು ಜನಪ್ರಿಯಗೊಳಿಸಿದ್ದು ‘ಮೇಕ್’ ಎಂಬ ಪುಟ್ಟ ಪ್ರೋಗ್ರಾಂ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ 1976ರಲ್ಲಿ ಇದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದೋಷವನ್ನು ಹುಡುಕುತ್ತ ಬೆಳಗಿನ ಹೊತ್ತೆಲ್ಲ ಕಳೆದಿದ್ದರು. ದೋಷವನ್ನು ಆಗಲೇ ತಿದ್ದಿಯಾಗಿತ್ತು. ಆದರೆ ತಿದ್ದಿದ ಕಡತವನ್ನು ಯಂತ್ರರೂಪಕ್ಕೆ ತಂದಿರಲಿಲ್ಲ. ಓಡುತ್ತಿದ್ದುದು ಹಳೆಯದೇ! ‘ಮೇಕ್’ ಕಡತಗಳ ಸಮಯವನ್ನು ಹೋಲಿಸುತ್ತದೆ. ಮೂಲ ಕಡತವು ಅದರ ಯಂತ್ರರೂಪಕ್ಕಿಂತ ಹೊಸದಾಗಿದ್ದರೆ ಅದನ್ನು ಮಾತ್ರ ಮತ್ತೆ ಸಿದ್ಧಪಡಿಸುತ್ತದೆ. ಈಚಿನ ಕೆಲವು ಸಾಧನಗಳು ಸಮಯವನ್ನು ನಂಬದೆ, ಕಡತದ ಒಳಗಿನ ಬರಹದಿಂದಲೇ ಬೆರಳಚ್ಚಿನಂತಹ ಗುರುತನ್ನು ಲೆಕ್ಕ ಹಾಕಿ ಹೋಲಿಸುತ್ತವೆ.

ಆದರೆ ಬದಲಾದುದು ಎಂದರೆ ಯಾವುದು? ತೊಡಕಿರುವುದು ಇಲ್ಲೇ. ನಮ್ಮ ತೆಂಗಿನ ತೋಟಕ್ಕೇ ಬರೋಣ. ಪಾಲಾದ ಮೇಲೆ ಪಹಣಿಯಲ್ಲಿ ಇಬ್ಬರ ಹೆಸರು ಬಂದರೆ ಸಾಲದು. ಪೋಡಿಯಾಗಬೇಕು, ನಕ್ಷೆ, ಆಕಾರಬಂದ್‌ಗಳೂ ಅದಕ್ಕೆ ತಾಳೆಯಾಗಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಅಂದು ಯಾರಿಗೂ ತಿಳಿಯುವುದಿಲ್ಲ. ಮುಂದೆ ಮಾರುವಾಗಲೋ ಗಡಿ ಗುರುತಿಸುವಾಗಲೋ ರೈತನಿಗೆ ಅದರ ಬಿಸಿ ತಟ್ಟುತ್ತದೆ. ಸಾಫ್ಟ್‌ವೇರಿನಲ್ಲೂ ಹಾಗೆಯೇ. ಬಡ್ಡಿ ಲೆಕ್ಕ ಹಾಕುವ ಕಡತವನ್ನು ತಿದ್ದಿದರೆ, ಆ ಲೆಕ್ಕವನ್ನು ನಂಬಿರುವ ರಸೀದಿಯ ಕಡತದಲ್ಲಿ ಒಂದಕ್ಷರವೂ ಬದಲಾಗಿರದಿದ್ದರೂ ಅದನ್ನೂ ಪರೀಕ್ಷಿಸಬೇಕು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿ ಅಪೂರ್ಣವಾಗಿದ್ದರೆ, ಉಳಿಸಿದ ಸಮಯವೇ ಮುಳುವಾಗುತ್ತದೆ.

ಹೀಗಾಗಿ ಆಗಾಗ ಇಡಿಯಾಗಿ ನೋಡುವುದೂ ಅಗತ್ಯ. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಆರಂಭವಾದದ್ದು 1863ರಲ್ಲಿ. 2002ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಇವೆರಡೂ ಇಡಿಯಾಗಿ ನಡೆದ ಕೆಲಸಗಳು. ಅನಂತರದ್ದು ಮ್ಯುಟೇಶನ್ ಮೂಲಕ ಬಿಡಿಬಿಡಿಯಾಗಿ ಸಾಗುವ ತಿದ್ದುಪಡಿ. ಹಾಗೆ ಬಿಡಿಯಾಗಿ ತಿದ್ದುವಾಗ ಉಳಿದುಹೋದುದನ್ನು ಸರಿಪಡಿಸಲೆಂದೇ ಪೋಡಿ ಮುಕ್ತ ಗ್ರಾಮದಂತಹ ಅಭಿಯಾನ ಬೇಕಾಯಿತು.

ಅನೇಕ ಸಾಫ್ಟ್‌ವೇರ್ ತಂಡಗಳು ಹಗಲಲ್ಲಿ ಬದಲಾದುದನ್ನಷ್ಟೇ ಪರೀಕ್ಷಿಸಿ, ರಾತ್ರಿ ಯಂತ್ರಗಳು ಬಿಡುವಾಗಿದ್ದಾಗ ಎಲ್ಲವನ್ನೂ ಒಮ್ಮೆ ಪರೀಕ್ಷಿಸುತ್ತವೆ. ಹಗಲಿನ ವೇಗಕ್ಕೆ ರಾತ್ರಿಯ ಈ ತಾಳೆಯೇ ಜಾಮೀನು.